ಖಾಲಿ ಡಬ್ಬಿಯ ವಿಳಾಸ

ಕಾಕಾನ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು. ಮೂವತ್ತು ವರ್ಷ ಅಚ್ಚುಮೊಳೆ ಜೋಡಿಸಿ ಉಗುರು ಅರ್ಧ ಸವೆದಿತ್ತು, ಅದರ ಅಂಚಿನ ಕಪ್ಪು ಯಾವ ಸಾಬೂನಿಗೂ ಜಗ್ಗುತ್ತಿರಲಿಲ್ಲ. ಮೊಳೆಗಳು ಗುಜರಿಗೆ ಹೋಗಿ ಬೀದರಿನ ಅವರ ಮುದ್ರಣದ ಅಂಗಡಿಗೆ ಕಂಪ್ಯೂಟರ್ ಬಂದ ಮೇಲೂ ಅದೇ ಬೆರಳನ್ನು ಪರದೆಗೆ ಒತ್ತಿ, "ಇಲ್ನೋಡ್ರಿ ಟೀಚರ್, ಭಿನ್ನರಾಶಿ ನಡುವಿನ ಗೆರಿ ಮಾಯ ಆಗ್ಯದ" ಎನ್ನುತ್ತಿದ್ದರು. ಪರದೆಯ ಮೇಲೆ ಮೂಡಿದ ಗುರುತನ್ನು ಅಂಗಿಯ ಚುಂಗಿನಿಂದ ಒರೆಸುತ್ತಿದ್ದರು.

ನಾನು ಭಾಲ್ಕಿ ತಾಲ್ಲೂಕಿನ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ದೀಪಾವಳಿ ಮುಗಿಯುತ್ತಲೇ ಹತ್ತನೇ ತರಗತಿ ಅರ್ಧ ಬರಿದಾಗುತ್ತಿತ್ತು. ಮಕ್ಕಳು ಮನೆಯವರ ಜೊತೆ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋಗಿ, ಪರೀಕ್ಷೆ ಹತ್ತಿರ ಬಂದಾಗ ಮರಳುತ್ತಿದ್ದರು. ಅವರು ಅಲ್ಲೇ ಕೂತು ಓದಿಕೊಳ್ಳುವಂಥ ಒಂದು ಗಣಿತದ ಪುಸ್ತಕ ಮಾಡುವ ಹುಚ್ಚು ನನಗೆ ಹಿಡಿಯಿತು. ಆ ಹುಚ್ಚಿಗೆ ಗಾಳಿ ಹಾಕಿದವರು ಕಾಕಾ.

ಎರಡು ವರ್ಷ ಭಾನುವಾರಗಳನ್ನೆಲ್ಲ ಅವರ ಅಂಗಡಿಯಲ್ಲಿ ಕಳೆದೆ. ಔರಾದ ಕಡೆಯ ಮನುಷ್ಯ, ಊರಿಗೆಲ್ಲ ಕಾಕಾ. ಸಿಟ್ಟು ಬಂದರೆ ಮರಾಠಿ, ಖುಷಿಯಾದರೆ ಕನ್ನಡ. ಮೌಸ್ ಹಿಡಿಯಲೂ ಬಾರದಿದ್ದ ನನಗೆ ಎಲ್ಲವನ್ನೂ ಕಲಿಸಿದರು. ಕಂಪ್ಯೂಟರಿನ ಪುಟಗಳಲ್ಲಿ ಸೂತ್ರಗಳು ಅಕ್ಷರಗಳಲ್ಲ, ಒಂದೊಂದೂ ಒಂದು ಪುಟ್ಟ ಚಿತ್ರ. ಚಿತ್ರ ಬೇರೆ ಫೋಲ್ಡರಿನಲ್ಲಿರುತ್ತದೆ, ಪುಟದಲ್ಲಿರುವುದು ಅದರ ವಿಳಾಸ ಮಾತ್ರ. ಚಿತ್ರವನ್ನು ಕುಗ್ಗಿಸಿದರೆ ತೆಳ್ಳನೆಯ ಗೆರೆಗಳು ಕಾಣೆಯಾಗುತ್ತವೆ. ಚಿತ್ರ ಸಿಗದಿದ್ದರೆ ಅದರ ಜಾಗದಲ್ಲಿ ಒಂದು ಖಾಲಿ ಡಬ್ಬಿ ಬಂದು ಕೂರುತ್ತದೆ. "ಡಬ್ಬಿ ಕಂಡ್ರ ಗಾಬರಿ ಆಗಬ್ಯಾಡ್ರಿ," ಎನ್ನುತ್ತಿದ್ದರು, "ಅದರ ಮ್ಯಾಲ ಒತ್ತಿ ವಿಳಾಸ ಕೇಳ್ರಿ. ಅದು ಸುಳ್ಳು ಹೇಳಂಗಿಲ್ಲ."

ಎರಡನೆಯ ವರ್ಷದ ದೀಪಾವಳಿ ಕಳೆದ ಮೇಲೆ ಪುಸ್ತಕ ಮುಗಿಯಿತು. ಕಾಕಾ ಸಿ.ಡಿ. ಕೈಗಿಟ್ಟು, "ಎಲ್ಲಾ ಬರೋಬ್ಬರಿ ಅದ" ಎಂದರು. ಮಕ್ಕಳು ಹೊರಡುವ ಹಿಂದಿನ ದಿನ ಬೆಳಿಗ್ಗೆ ಶಾಲೆಯ ಕಂಪ್ಯೂಟರಿನಲ್ಲಿ ಹಾಕಿದೆ. ಸೂತ್ರವಿರಬೇಕಾದ ಕಡೆಯಲ್ಲೆಲ್ಲ ಖಾಲಿ ಡಬ್ಬಿ. ಪರದೆಯ ಮೇಲೆ ಕೆಟ್ಟದಾಗಿ ಕಂಡದ್ದು ಕಾಗದದ ಮೇಲೆ ಚೆನ್ನಾಗಿ ಬರುವುದುಂಟೆಂದು ಅವರೇ ಒಮ್ಮೆ ಹೇಳಿದ್ದರು. ಆ ಮಾತು ನಂಬಿ ಹದಿನಾಲ್ಕು ಮಕ್ಕಳಿಗೂ ಪ್ರತಿ ತೆಗೆದೆ. ಕಾಗದದ ಮೇಲೂ ಡಬ್ಬಿಗಳೇ. ಆಮೇಲೆ ಒಂದು ಡಬ್ಬಿಯ ವಿಳಾಸ ಕೇಳಿದೆ. ಕಾಕಾನ ಕಂಪ್ಯೂಟರಿನ ಹೆಸರು, ಅದರೊಳಗೆ ಬೀದರಿನ ಒಂದು ಟ್ಯೂಷನ್ ಕ್ಲಾಸಿನ ಹೆಸರಿನ ಫೋಲ್ಡರು, ಅದರೊಳಗೆ ನನ್ನ ಸೂತ್ರಗಳು.

ಕಾಗದದ ಕಟ್ಟು ಎತ್ತಿಕೊಂಡು ಬೀದರಿನ ಬಸ್ಸು ಹತ್ತಿದೆ. ಅಂಗಡಿಯ ಮೇಜಿನ ಮೇಲೆ ಬಣ್ಣದ ರಕ್ಷಾಪುಟದ ಹೊಸ ಪುಸ್ತಕಗಳ ರಾಶಿ. ತೆರೆದರೆ ಸಾಯಗಾಂವದ ಬಾವಿಯ ಲೆಕ್ಕ, ಕಬ್ಬಿನ ಟ್ರ್ಯಾಕ್ಟರಿನ ಲೆಕ್ಕ, ಎಲ್ಲ ನಾನು ಕಟ್ಟಿದ್ದವೇ. ಮೇಲೆ ಹೆಸರು ಮಾತ್ರ ಟ್ಯೂಷನ್ ಕ್ಲಾಸಿನದು.

"ಯಾಕ ಹೀಂಗ ಮಾಡಿದ್ರಿ ಕಾಕಾ?"

"ಅವರ ಮಕ್ಕಳಿಗೂ ಗಣಿತ ಬೇಕಲ್ರಿ."

"ಹೋಗಲಿ. ನನ್ನ ಮಕ್ಕಳ ಸೂತ್ರ ಸಿ.ಡಿ.ಯೊಳಗ ಯಾಕ ಹಾಕಿಲ್ಲ?"

ಅವರು ಕನ್ನಡಕ ಒರೆಸಿಕೊಂಡರು. "ಗಡಿಬಿಡಿಯೊಳಗ ಉಳೀತ್ರಿ. ಕಬ್ಬು ಕಡೀಲಿಕ್ಕ ಹೋಗೋ ಮಕ್ಕಳು ಟೀಚರ್. ಅಲ್ಲಿ ಪುಸ್ತಕ ಯಾರು ತೆಗೆದು ನೋಡ್ತಾರ?"

ಲೆಕ್ಕ ಕದ್ದದ್ದಕ್ಕೆ ಬಂದ ಸಿಟ್ಟು ಇಷ್ಟೇ ಇಷ್ಟು. ಈ ಮಾತಿಗೆ ಮಾತ್ರ ಮೈ ಉರಿದುಹೋಯಿತು. ಎರಡು ವರ್ಷ ನನ್ನ ಪಕ್ಕದಲ್ಲೇ ಕೂತು ಒಂದೊಂದು ಗೆರೆಯನ್ನೂ ಬದುಕಿಸಿದ ಮನುಷ್ಯ, ಆ ಮಕ್ಕಳು ಓದುತ್ತಾರೆಂದು ಒಂದು ದಿನವೂ ನಂಬಿರಲಿಲ್ಲ! "ಈಗೇ ಹಾಕಿ ಕೊಡ್ತೇನಿ, ಕೂಡ್ರಿ" ಎಂದರು. ಕರೆಂಟು ಹೋಗಿತ್ತು, ಸಂಜೆಗೇ ಬರುವುದೆಂದು ಪಕ್ಕದ ಅಂಗಡಿಯವರು ಹೇಳಿದರು. ನಾನು ಕೂರಲಿಲ್ಲ.

ಬಸ್ಸಿನಲ್ಲಿ ತೊಡೆಯ ಮೇಲೆ ಕಟ್ಟು ಇಟ್ಟುಕೊಂಡು ಡಬ್ಬಿಗಳಲ್ಲಿ ಕೈಯಿಂದ ಸೂತ್ರ ತುಂಬುತ್ತ ಬಂದೆ. ರಾತ್ರಿಯೆಲ್ಲ ಕೂತು ತುಂಬಿದೆ, ಮರುದಿನ ಮುಂಜಾನೆ ಟ್ರ್ಯಾಕ್ಟರಿನ ಪಕ್ಕ ನಿಂತೂ ತುಂಬಿದೆ. ಐದು ಪ್ರತಿ ಖಾಲಿ ಡಬ್ಬಿಗಳ ಸಮೇತ ಹಾಗೇ ಮಕ್ಕಳ ಕೈ ಸೇರಿದವು. ಮೂಟೆಗಳ ಮೇಲೆ ಕೂತಿದ್ದ ಒಬ್ಬ ಹುಡುಗಿ ತನ್ನದನ್ನು ತೆರೆದು ನೋಡಿ, "ಈ ಡಬ್ಬಿಯೊಳಗ ನಾವೇ ಬರೀಬೇಕೇನ್ರಿ ಟೀಚರ್?" ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಟ್ರ್ಯಾಕ್ಟರು ಹೊರಟಿತು.

ಮತ್ತೆ ಕಾಕಾನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಇವತ್ತಿಗೂ ಕಂಪ್ಯೂಟರಿನ ಮುಂದೆ ನನಗೆ ಏನು ಗೊತ್ತೋ ಅದೆಲ್ಲ ಅವರು ಕೊಟ್ಟದ್ದು. ಅದನ್ನು ಇಲ್ಲವೆನ್ನಲಾರೆ, ಅದಕ್ಕೇ ಇನ್ನಷ್ಟು ಸಂಕಟ.

ಪರೀಕ್ಷೆಗೆ ಹತ್ತು ದಿನವಿರುವಾಗ ಕಾಕಾ ತೀರಿಕೊಂಡರೆಂದು ಫೋನು ಬಂತು. ಏನೇ ಇರಲಿ, ಗುರು. ಚಪ್ಪಲಿ ಮೆಟ್ಟಿ ಹೊರಟಿದ್ದೆ. ಗೇಟಿನಲ್ಲಿ ಆ ಹುಡುಗಿ ನಿಂತಿದ್ದಳು, ಹಿಂದಿನ ದಿನವಷ್ಟೇ ಊರಿಗೆ ಮರಳಿದ್ದಳಂತೆ. ಕೈತುಂಬ ಕಬ್ಬಿನ ಗರಿ ಸೀಳಿದ ಗಾಯ. ಪುಸ್ತಕದ ಅಂಚುಗಳು ಮಸಿಯಾಗಿ ಮಡಚಿಕೊಂಡಿದ್ದವು.

"ಎಲ್ಲಾ ಡಬ್ಬಿ ತುಂಬೀನ್ರಿ ಟೀಚರ್. ಒಂದೂ ಬಿಟ್ಟಿಲ್ಲ."

ಪ್ರತಿ ಡಬ್ಬಿಯಲ್ಲೂ ಪೆನ್ಸಿಲಿನಲ್ಲಿ, ಅಳಿಸಿ ಅಳಿಸಿ ಬರೆದ ಅಂಕಿಗಳು. ಪುಟ ತಿರುವುತ್ತ ಹೋದೆ. ಒಂದೂ ಸರಿಯಿರಲಿಲ್ಲ.

ಅವಳನ್ನು ಒಳಗೆ ಕರೆದು ಕೂರಿಸಿ, ಮೊದಲನೆಯ ಪುಟ ತೆರೆದೆ. ಕಾಕಾನ ಮಣ್ಣಿಗೆ ನಾನು ಹೋಗಲಿಲ್ಲ.