ಅಪ್ಪ ಹೆಚ್ಚಿಗೆ ಬರೆದ ಎರಡು ವರ್ಷ

ಅಪ್ಪ ಮಾಸ್ತರಿಕೆ ಮಾಡಿದ ಶಾಲೆಗೇ ನಾನು ಮುಖ್ಯ ಶಿಕ್ಷಕಿಯಾಗಿ ಬಂದೆ. ಮುಂಡಗೋಡದಿಂದ ಇಂದೂರ ದಾಟಿ ಇನ್ನೂ ಒಳಗೆ ಹೋಗಬೇಕು. ಅಪ್ಪನ ಕಾಲದಲ್ಲಿ ಸರಕಾರದ ಆದೇಶ ಅಂಚೆಯಲ್ಲಿ ಬರುತ್ತಿತ್ತು, ತಿಂಗಳಿಗೆ ಒಂದೋ ಎರಡೋ. ಓದಿ, ಮಡಚಿ, ಕಪಾಟಿನಲ್ಲಿಟ್ಟು ಅವರು ಪಾಠಕ್ಕೆ ಹೋಗುತ್ತಿದ್ದರು. ನನಗೋ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಮೊಬೈಲಿನಲ್ಲಿ ನಾಲ್ಕು ಬಂದಿರುತ್ತವೆ. ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ತಿಂದವರೆಷ್ಟು, ಫೋಟೊ ಎಲ್ಲಿ? ಪಾಠ ಯಾವಾಗ ಮಾಡಲಿ, ನನ್ನ ಕರ್ಮ!

ನಾನು ಹೀಗೆ ಹರಿಹಾಯುವಾಗ ಸಮಾಧಾನ ಮಾಡುತ್ತಿದ್ದವಳು ಬಿಸಿಯೂಟದ ಅಡುಗೆಯವಳು. "ತಲಿ ಕೆಡಿಸ್ಕೋಬ್ಯಾಡ್ರಿ ಅಕ್ಕೋರ. ಸರಕಾರ ಎಲ್ಲಿ ಓಡಿ ಹೋಗತೈತಿ?" ಅವಳೂ ಇದೇ ಶಾಲೆಯಲ್ಲಿ ಅಪ್ಪನ ಕೈಯಲ್ಲಿ ಕಲಿತವಳು. ಮಕ್ಕಳಿಗೆ ಬಡಿಸುವ ಮೊದಲು ನಾವಿಬ್ಬರೂ ಉಂಡು ನೋಡಿ, ವಹಿಯಲ್ಲಿ ಸಹಿ ಹಾಕಬೇಕು. ನಾನು ಬೈಯದ ನಿಯಮವೆಂದರೆ ಅದೊಂದೇ. ಆ ನೆಪದಲ್ಲಿ ಅಡುಗೆಕೋಣೆಯ ಮೆಟ್ಟಿಲ ಮೇಲೆ ಕೂತು ಅಪ್ಪನ ಮಾತು ಆಡುತ್ತಿದ್ದೆವು.

"ಮಗ್ಗಿ ತಪ್ಪಿದ್ರ ಮಾಸ್ತರ ಹೊಡೀತಿರಲಿಲ್ರಿ. ತಾವ ಮಾರಿ ಸಪ್ಪಗ ಮಾಡ್ಕೊಂಡು ಕುಂಡ್ರತಿದ್ರು. ಅದನ್ನ ನೋಡಾಕಾಗದ ಕಲತ್ವಿ" ಎನ್ನುತ್ತಿದ್ದಳು. ಅಪ್ಪನ ಆ ಸಪ್ಪೆ ಮುಖ ನನಗೂ ಗೊತ್ತಿತ್ತು. ನಗುತ್ತಲೇ ಕಣ್ಣು ತುಂಬಿ ಬರುತ್ತಿತ್ತು.

ಒಂದು ದಿನ ಇನ್ನೊಂದು ಆದೇಶ ಬಂತು. ಅರವತ್ತು ತುಂಬಿದ ಅಡುಗೆಯವರನ್ನು ಮಾರ್ಚ್ ಕೊನೆಗೆ ಕೆಲಸದಿಂದ ಬಿಡಿಸಬೇಕು, ವಯಸ್ಸಿಗೆ ಶಾಲೆಯ ದಾಖಲೆ ನೋಡಬೇಕು. ಹಳೆಯ ದಾಖಲಾತಿ ಪುಸ್ತಕ ತೆಗೆದೆ. ಅಪ್ಪನ ದುಂಡನೆಯ ಅಕ್ಷರದಲ್ಲಿ ಅವಳ ಹುಟ್ಟಿದ ದಿನ ಜೂನ್ ಒಂದು ಎಂದು ಇಸವಿ ಸಮೇತ ಇತ್ತು. ಆ ಲೆಕ್ಕದಲ್ಲಿ ಅವಳಿಗೆ ಅರವತ್ತು ತುಂಬಿತ್ತು.

"ಅಯ್ಯ, ಅದು ಖರೇ ಅಲ್ರಿ!" ಎಂದಳು.

ಅದು ನನಗೂ ಗೊತ್ತಿತ್ತು. ಅಪ್ಪ ಮನೆಯಲ್ಲಿ ಎಷ್ಟು ಸಲ ಹೇಳಿ ನಕ್ಕಿಲ್ಲ! ಆಗ ಶಾಲೆ ಹೊಸದು. ಮಕ್ಕಳು ಸಾಲದಿದ್ದರೆ ಬೇರೆ ಊರಿಗೆ ಎತ್ತುತ್ತೇವೆಂದು ಮೇಲಿನವರು ಬರೆದಿದ್ದರಂತೆ. ಅಪ್ಪ ಮನೆಮನೆ ಅಲೆದರು. ಇವಳ ಅಕ್ಕ, "ನಾ ಸಾಲಿಗೆ ಬಂದ್ರ ತಂಗೀನ ಯಾರ ಎತ್ಕೋತಾರ್ರಿ?" ಎಂದಳಂತೆ. "ಅಕಿನ್ನೂ ಕರ್ಕೊಂಡ ಬಾ" ಎಂದ ಅಪ್ಪ, ಅಕ್ಕನ ಸೊಂಟದ ಮೇಲಿದ್ದ ನಾಲ್ಕು ವರ್ಷದ ಕೂಸಿಗೆ ಆರು ಎಂದು ಬರೆದುಕೊಂಡರು. ಶಾಲೆ ಉಳಿಯಿತು. "ಸುಳ್ಳ ಬರದು ಸಾಲಿ ಉಳಿಸಿದ ಶೂರರು" ಎಂದು ಅವ್ವ ಛೇಡಿಸುತ್ತಿದ್ದಳು. ಅಪ್ಪ ಮೀಸೆಯೊಳಗೇ ನಗುತ್ತಿದ್ದರು. ಆ ಮನೆ, ಆ ನಗು ಈಗಲೂ ಬೇಕೆನಿಸುತ್ತದೆ.

"ಈ ಒಲಿ ಬಿಟ್ರ ನನಗ ಬ್ಯಾರೆ ದಿಕ್ಕಿಲ್ರಿ ಅಕ್ಕೋರ. ಇನ್ನೆರಡ ವರ್ಷ ಕೆಲಸ ಐತಿ ನಂದು. ಮಾಸ್ತರ ವಯಸ್ಸ ಹೆಚ್ಚ ಬರದಾರಂತ ಒಂದ ಕಾಗದ ಬರದ ಕೊಡ್ರಿ" ಎಂದಳು.

ಬರೆಯಲು ಕೂತೆ. "ಅಂದಿನ ಶಿಕ್ಷಕರು ಗೊತ್ತಿದ್ದೂ ಸುಳ್ಳು ವಯಸ್ಸು ದಾಖಲಿಸಿರುತ್ತಾರೆ." ಅಲ್ಲಿಗೆ ಕೈ ನಿಂತಿತು. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾದರೂ ಊರವರು ಅವರನ್ನು ನೆನೆದು ಕೈ ಮುಗಿಯುತ್ತಾರೆ. ಈ ಕಾಗದ ಮೇಜಿನಿಂದ ಮೇಜಿಗೆ ಹೋಗುತ್ತದೆ, ಕಂಡವರೆಲ್ಲ ಓದುತ್ತಾರೆ. ನನ್ನಿಂದ ಆಗಲಿಲ್ಲ. ಹರಿದು ಹಾಕಿದೆ.

"ಹಳೇ ದಾಖಲೆ ತಿದ್ದಾಕ ಬರೂದಿಲ್ಲವ್ವಾ. ನಿಯಮ ಐತಿ" ಎಂದೆ.

ಅವಳು ನನ್ನ ಕೈ ಹಿಡಿದು, "ಹೋಗ್ಲಿ ಬಿಡ್ರಿ. ನಿಯಮ ಅಂದ ಮ್ಯಾಲ ನೀವರ ಏನ ಮಾಡ್ತೀರಿ?" ಎಂದು ನನ್ನನ್ನೇ ಸಮಾಧಾನ ಮಾಡಿದಳು. ಮಾರ್ಚ್ ಕೊನೆಗೆ ಪಾತ್ರೆಗಳನ್ನು ತೊಳೆದು ಬೋರಲು ಹಾಕಿ ಮನೆಗೆ ಹೋದಳು.

ಅಂಥ ನಿಯಮ ಇದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಇವತ್ತಿನವರೆಗೂ ಯಾರನ್ನೂ ಕೇಳಿಲ್ಲ.