ಹೊರಗಿನಿಂದ ಅಂಟಿಸಿದ ಹಾಳೆ

ಹಿರಿಯೂರಿನಲ್ಲಿ ನಾವು ಬಾಡಿಗೆಗಿದ್ದ ಮನೆ ಸಂತೆಗೆ ಹೋಗುವ ದಾರಿಯಲ್ಲಿತ್ತು. ನಮಗಿಂತ ಮೊದಲು ಅಲ್ಲಿ ಯಾರೋ ಫೋಟೋ ಸ್ಟುಡಿಯೋ ಇಟ್ಟಿದ್ದರಂತೆ. ಅದಕ್ಕೇ ಮುಂದಿನ ಕೋಣೆಗೆ ಬೀದಿಯ ಕಡೆ, ಸೊಂಟದ ಮಟ್ಟದಿಂದ ಮೇಲಕ್ಕೆ ಪೂರ್ತಿ ಗಾಜು. ಒಂದು ಮೂಲೆಯಲ್ಲಿ ಮಾತ್ರ ಕೈ ತೂರುವಷ್ಟು ತೆರೆಯುವ ಪುಟ್ಟ ಬಾಗಿಲು. ಎಂಬತ್ತರ ದಶಕದಲ್ಲಿ ನಮ್ಮಂಥವರ ಮನೆಗೆ ಕಬ್ಬಿಣದ ಸರಳಿನ ಕಿಟಕಿಯೇ ಹೆಚ್ಚು. ಅಷ್ಟಗಲದ ಗಾಜು ನೋಡಿಯೇ ನಾನು ಆ ಮನೆ ಹಿಡಿದಿದ್ದೆ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದೆ. ಹಿರಿಯೂರಿನಿಂದ ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ ಸುತ್ತಿಕೊಂಡು ಮತ್ತೆ ಹಿರಿಯೂರು. ಬೆಳಿಗ್ಗೆ ಹೊರಟರೆ ಮನೆ ಸೇರುವುದು ಸಂಜೆಗೆ. ನನ್ನ ಹೆಂಡತಿ ಹೊಸದುರ್ಗದ ಕಡೆಯ ಹಟ್ಟಿಯವಳು, ಬಯಲಲ್ಲಿ ಕುರಿಗಳ ಹಿಂದೆ ಬೆಳೆದವಳು. ಊರಿನ ಮನೆಯಲ್ಲಿ ದಿನವಿಡೀ ಒಬ್ಬಳೇ ಇರುವುದು ಅವಳಿಗೆ ಜೈಲಿನ ಹಾಗಿತ್ತು. ಅಣ್ಣಂದಿರು ಕೊಡಿಸಿದ್ದ ಹೊಲಿಗೆ ಮಿಷನ್ನನ್ನು ಕಿಟಕಿಯ ಪಕ್ಕಕ್ಕೆ ಎಳೆದುಕೊಂಡು ರವಿಕೆ ಹೊಲಿಯತೊಡಗಿದ ಮೇಲೆ ಅವಳ ಮುಖದಲ್ಲಿ ಕಳೆ ಬಂತು.

ಬಬ್ಬೂರು ಮತ್ತು ಸುತ್ತಲಿನ ಹಳ್ಳಿಗಳಿಂದ ಸಂತೆಗೆ ಬರುವ ಹೆಂಗಸರೇ ಅವಳ ಗಿರಾಕಿಗಳು. ಅವರದೊಂದು ಪದ್ಧತಿ ಇತ್ತು. ಮೊದಲು ಗಾಜಿನಲ್ಲಿ ಒಳಗೆ ಇಣುಕುವರು. ಗಂಡಸು ಕಂಡರೆ ಏನೂ ಆಗದವರಂತೆ ಮುಂದೆ ಹೋಗಿಬಿಡುವರು. ಇವಳೊಬ್ಬಳೇ ಇದ್ದರೆ ಬಳೆಯಿಂದ ಗಾಜು ಬಡಿದು, ಸೆರಗಿನೊಳಗಿಂದ ಅಳತೆಯ ಹಳೆ ರವಿಕೆ ತೆಗೆದು ಪುಟ್ಟ ಬಾಗಿಲಲ್ಲಿ ಒಳಕ್ಕೆ ಕೊಡುವರು. ಮೈಗೆ ತೊಡುವ ರವಿಕೆಯನ್ನು ಪರ ಗಂಡಸಿನ ಎದುರು ಹೊರತೆಗೆಯುವುದುಂಟೇ? ಆಮೇಲೆ ಕಿಟಕಿಗೆ ಒರಗಿ ನಿಂತು ಮಳೆ, ಕುರಿ, ಸೊಸೆ, ಅತ್ತೆ ಎಲ್ಲ ಮಾತಾಡುವರಂತೆ. ಇದನ್ನೆಲ್ಲ ಹೆಂಡತಿಯೇ ನನಗೆ ಹೇಳಿದ್ದಳು. ನಾನಿದ್ದಾಗ ಯಾರೂ ಬರುತ್ತಿರಲಿಲ್ಲವಾದ್ದರಿಂದ ನಾನು ಕಣ್ಣಾರೆ ಕಂಡಿದ್ದೇ ಇಲ್ಲ.

ಕಿಟಕಿ ಪಡುವಣಕ್ಕಿತ್ತು. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಮಿಷನ್ನಿನ ಕಬ್ಬಿಣ ಮುಟ್ಟಲಾಗುತ್ತಿರಲಿಲ್ಲ. ಹಳೆ ಸೀರೆ ಕಟ್ಟಿ ನೋಡಿದಳು, ಸೂಜಿಗೆ ದಾರ ಪೋಣಿಸಲೂ ಬೆಳಕು ಸಾಲಲಿಲ್ಲ. ಕೊನೆಗೆ ಅವಳೇ ಕೇಳಿದಳು: ಕಾರಿನ ಗಾಜಿಗೆ ಅಂಟಿಸುತ್ತಾರಲ್ಲ, ಹೊಗೆ ಬಣ್ಣದ ಹಾಳೆ, ಅದನ್ನು ತಂದು ಒಳಗಡೆಯಿಂದ ಹಚ್ಚಿಕೊಡಿ, ಕೆಳಗೆ ಒಂದು ಗೇಣು ಹಾಗೇ ಬಿಡಿ, ಬಂದವರಿಗೆ ನಾನು ಕಾಣಬೇಕು.

ಅದೇ ವಾರ ನಮ್ಮ ಡ್ರೈವರು ಹೊಸದುರ್ಗದ ಸ್ಟಾಂಡಿನಲ್ಲಿ ಟೀ ಕುಡಿಯುತ್ತ ನಾಲ್ಕು ಜನರೆದುರು ಅಂದ: "ಏನಪ್ಪ, ನಿಮ್ಮನೆ ಮುಂದೆ ಹೋದ್ರೆ ಟಿಕೆಟ್ ಇಲ್ದೆ ಸಿನ್ಮಾ ನೋಡ್ದಂಗೈತೆ." ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮಾತು ಒಳಗೆ ಹೊಕ್ಕಿತ್ತು. ಹೆಂಡತಿ ಹೇಳಿದ್ದರಲ್ಲಿ 'ಕಾಣಬೇಕು' ಎನ್ನುವುದೊಂದೇ ನನ್ನ ಕಿವಿಯಲ್ಲಿ ಉಳಿಯಿತು. ಯಾರಿಗೆ ಎನ್ನುವುದು ಉಳಿಯಲಿಲ್ಲ.

ಚಿತ್ರದುರ್ಗದಲ್ಲಿ ಗಾಜು, ಫೋಟೋ ಕಟ್ಟು ಮಾರುವ ಒಬ್ಬ ಸಾಹೇಬರ ಅಂಗಡಿಗೆ ಹೋದೆ. ಬೊಂಬಾಯಿಯಿಂದ ತರಿಸಿದ ಹಾಳೆಯ ಸುರುಳಿ ಬಿಚ್ಚುತ್ತ, ಒಳಗೆ ಹಾಕುವುದೋ ಹೊರಗೋ ಎಂದು ಕೇಳಿದರು. ವ್ಯತ್ಯಾಸ ಏನೆಂದೆ.

"ಒಳಗೆ ಹಾಕಿದ್ರೆ ಗಾಜು ಒಸಿ ಕಾಯ್ತದೆ, ಅಷ್ಟೆ. ಬೇಡ ಅನ್ಸಿದ್ರೆ ಉಗುರಲ್ಲಿ ಎಬ್ಬಿಸಿ ಕಿತ್ಕಬಹುದು. ಹೊರಗೆ ಹಾಕಿದ್ರೆ ಬಿಸಿಲು ಹೊರಗೇ ನಿಲ್ತದೆ ನಿಜ. ಆದ್ರೆ ಗಾಳಿ ಧೂಳು ತಿಂದು ಗಾಜಿಗೇ ಕಚ್ಕಂತದೆ, ಬ್ಲೇಡಲ್ಲಿ ಕೆರೀಬೇಕು. ಮನೆಗಾದ್ರೆ ಒಳಗೇ ಹಾಕ್ರಿ."

ಹೊರಗೇ ಹಾಕುತ್ತೇನೆ ಎಂದೆ. ಮನೆಯಲ್ಲಿ ಮಕ್ಕಳು ಕಿತ್ತುಹಾಕುತ್ತಾರಾ ಎಂದು ನಕ್ಕರು. ಹೌದು, ಮಕ್ಕಳ ಕಾಟ ಎಂದೆ. ನಮಗೆ ಮಕ್ಕಳಿರಲಿಲ್ಲ.

ರಜೆಯ ದಿನ ಬೀದಿಯಲ್ಲಿ ಸ್ಟೂಲು ಹಾಕಿಕೊಂಡು ನಾನೇ ಅಂಟಿಸಿದೆ. ಅವಳು ಒಳಗೆ ಮಿಷನ್ನಿನ ಮುಂದೆ ಕುಳಿತು ನೋಡುತ್ತಿದ್ದಳು. ಮೇಲಿನಿಂದ ಒಂದೊಂದೇ ಪಟ್ಟಿ ಇಳಿಸುತ್ತ ಬಂದಂತೆ ಮೊದಲು ಅವಳ ಹಣೆ, ಆಮೇಲೆ ಕಣ್ಣು ಮರೆಯಾಯಿತು. ಕೊನೆಯ ಪಟ್ಟಿ ಹಿಡಿದಾಗ ಎದ್ದು ಹೊರಗೆ ಬಂದಳು.

"ಕೆಳಗೆ ಒಂದು ಗೇಣು ಬಿಡ್ತೀರಿ ಅನ್ಕಂಡಿದ್ದೆ."

"ಬಿಸ್ಲು ಕೆಳಗಿಂದ ಬರಲ್ಲೇನು?" ಎಂದೆ. ಪುಟ್ಟ ಬಾಗಿಲಿನ ಸಂದಿಯ ಮೇಲೂ ಹಾಳೆ ಎಳೆದು ಒತ್ತಿದೆ, ಇನ್ನು ಅದು ತೆರೆಯುವಂತಿರಲಿಲ್ಲ.

ಒಳಗಿನಿಂದ ಅವಳಿಗೆ ಬೀದಿ ಮಂಜುಮಂಜಾಗಿ ಕಾಣುತ್ತಿತ್ತು. ಹೊರಗಿನವರಿಗೆ ಮಾತ್ರ ಗಾಜು ಕನ್ನಡಿಯಾಗಿತ್ತು. ಹೆಂಗಸರು ಬರುತ್ತಿದ್ದರಂತೆ, ಇಣುಕಿದರೆ ಅವರದೇ ಮುಖ, ಸೆರಗು ಸರಿಮಾಡಿಕೊಂಡು ಹೋಗಿಬಿಡುತ್ತಿದ್ದರಂತೆ. ಇವಳು ಒಳಗಿನಿಂದ ಗಾಜು ಬಡಿದರೆ ಬೆಚ್ಚಿ ಬೇಗ ಬೇಗ ಹೆಜ್ಜೆ ಹಾಕುತ್ತಿದ್ದರಂತೆ. ಕೆಲವು ಸಂತೆಯ ದಿನ ಹೊಸ್ತಿಲಲ್ಲಿ ನಿಂತು ಅವರನ್ನು ಕರೆದಳು, ಆಮೇಲೆ ಬರುತ್ತೇವೆಂದು ಸರಿದುಹೋದರಂತೆ. ಅದು ನನಗೆ ಗೊತ್ತಾಗಿ, ಬಾಗಿಲಲ್ಲಿ ನಿಂತು ಕರೆಯಲು ಇದೇನು ಬಳೆ ಅಂಗಡಿಯೇ ಎಂದು ಗದರಿದೆ. ನಿಲ್ಲುವುದನ್ನು ಬಿಟ್ಟಳು.

ಒಂದು ದಿನ ಬಬ್ಬೂರಿನಲ್ಲಿ ಹತ್ತಿದ ಒಬ್ಬ ಮುದುಕಿ ನನ್ನನ್ನು ಗುರುತು ಹಿಡಿದಳು.

"ಅಯ್ಯೋ, ನೀನು ಕೆಲ್ಸಕ್ಕೆ ಬರ್ತಿದ್ದೀಯೇನಪ್ಪ? ಕೆಲ್ಸ ಬಿಟ್ಟು ಮನೇಲೇ ಕುಂತವನೆ ಅನ್ಕಂಡಿದ್ವಿ. ಕಿಟ್ಕಿ ಮುಚ್ಚೈತೆ ಅಂದ್ರೆ ಒಳಗೆ ಗಂಡ್ಸು ಅವನೆ ಅಂತ ತಾನೆ?"

ಒಂದು ಮಾತು ಸಾಕಿತ್ತು. 'ಇಲ್ಲ ಕಣಜ್ಜಿ, ದಿನಾ ಅವಳೊಬ್ಬಳೇ ಇರ್ತಾಳೆ, ಬಾಗಿಲು ಬಡೀರಿ' ಎಂದಿದ್ದರೆ ಸಂತೆಯ ಹೊತ್ತಿಗೆ ಅದು ಹಳ್ಳಿಯೆಲ್ಲ ಹರಡುತ್ತಿತ್ತು. ನಾನು ಟಿಕೆಟ್ ಹರಿದು ಕೈಗಿಟ್ಟು ಮುಂದಿನ ಸೀಟಿಗೆ ಹೋದೆ. ಹಾಳೆ ಅಂಟಿಸಿದ್ದನ್ನು ಕೋಪ, ಸಂಶಯ, ಎಳೆ ವಯಸ್ಸು ಎಂದೆಲ್ಲ ಹೇಳಿ ತೇಲಿಸಬಹುದು. ಇದನ್ನು ಯಾವುದರ ತಲೆಗೆ ಕಟ್ಟಲಿ?

ಮಳೆಗಾಲ ಕಳೆಯಿತು. ಹಾಳೆಯನ್ನು ಕೆರೆದುಕೊಡಿ ಎಂದು ಎರಡು ಮೂರು ಸಲ ಕೇಳಿದಳು, ನಾಳೆ ಎಂದೆ. ಒಂದು ಸಂಜೆ ಬಸ್ಸಿಳಿದು ಬಂದರೆ ಅವಳು ಬೀದಿಯಲ್ಲಿ, ಅದೇ ಸ್ಟೂಲಿನ ಮೇಲೆ ನಿಂತು, ನನ್ನ ಗಡ್ಡದ ಬ್ಲೇಡಿನಿಂದ ಗಾಜು ಕೆರೆಯುತ್ತಿದ್ದಳು. ಕಚ್ಚಿಕೊಂಡಿದ್ದ ಹಾಳೆ ಚೂರುಚೂರಾಗಿ ಏಳುತ್ತಿತ್ತು, ಬೆರಳಲ್ಲಿ ರಕ್ತ. ಎದುರಿನ ಸೈಕಲ್ ಅಂಗಡಿಯವರು ನೋಡುತ್ತ ನಿಂತಿದ್ದರು. ಯಾರೂ ಅವಳನ್ನು ನೋಡಬಾರದೆಂದು ನಾನು ಮಾಡಿದ ಕೆಲಸ ಅವಳನ್ನು ಬೀದಿಯ ನಡುವೆ ನಿಲ್ಲಿಸಿತ್ತು. ನನಗೆ ಆಗ ಹಾಗೆ ಅನ್ನಿಸಲಿಲ್ಲ. ರಟ್ಟೆ ಹಿಡಿದು ಎಲ್ಲರೆದುರು ಒಳಗೆ ಎಳೆದುಕೊಂಡು ಹೋದೆ.

ಅವಳು ಅಳಲಿಲ್ಲ. ಬೆರಳಿಗೆ ಬಟ್ಟೆ ಸುತ್ತಿಕೊಂಡು, "ಬಿಸ್ಲು ಅಂದಿದ್ದು ನಾನು. ನೀವು ತಡ್ದಿದ್ದು ಬಿಸ್ಲಲ್ಲ," ಎಂದಳು. ಅದರ ಬಗ್ಗೆ ಅವಳು ನನ್ನೊಡನೆ ಆಡಿದ ಕೊನೆಯ ಮಾತು ಅದು.

ಮರುವರ್ಷ ಹೊಳಲ್ಕೆರೆಗೆ ಮನೆ ಬದಲಾಯಿಸಿದೆವು. ಬಿಡುವ ಮೊದಲು ಗಾಜು ಶುಚಿ ಮಾಡಿಕೊಡಿ ಎಂದು ಮನೆಯ ಯಜಮಾನರು ಹೇಳಿದ್ದರಿಂದ ಪೂರ್ತಿ ಹಾಳೆ ನಾನೇ ಕೆರೆದೆ. ಗೀರು ಬಿದ್ದು ಗಾಜು ಮಬ್ಬಾಗಿತ್ತು. ಒಳಗಿನಿಂದ ನೋಡು ಎಂದು ಕರೆದೆ. ಪಾತ್ರೆ ಕಟ್ಟುತ್ತಿದ್ದವಳು ಏಳಲಿಲ್ಲ.

ಹೊಸ ಮನೆಯಲ್ಲಿ ಮಿಷನ್ನನ್ನು ನಡುಮನೆಯ ಬಲ್ಬಿನ ಕೆಳಗೆ ಇಡಿಸಿದಳು. ಕಿಟಕಿ ಹತ್ತಿರ ಇಡೋಣವೇ ಎಂದೆ, ಬೇಡ ಎಂದು ತಲೆಯಾಡಿಸಿದಳು. ಮನೆಯ ಬಟ್ಟೆ ಬಿಟ್ಟು ಬೇರೆಯವರದನ್ನು ಅವಳು ಮತ್ತೆ ಹೊಲಿಯಲಿಲ್ಲ.

ಒಮ್ಮೆ ಪಕ್ಕದ ಮನೆಯಾಕೆ, ಹಿರಿಯೂರಲ್ಲಿ ಅಷ್ಟು ಚೆನ್ನಾಗಿ ಹೊಲಿಯುತ್ತಿದ್ದವಳು ಯಾಕೆ ಬಿಟ್ಟೆ ಎಂದು ಕೇಳಿದಳು. ನಾನು ಒಳಗೆ ಊಟಕ್ಕೆ ಕುಳಿತಿದ್ದೆ.

"ಅಲ್ಲಿ ಬಿಸ್ಲು ಜಾಸ್ತಿ ಕಣವ್ವ. ನನ್ ಕಣ್ಣಿಗೆ ತೊಂದ್ರೆ ಆಗ್ಬಾರ್ದು ಅಂತ ನಮ್ಮನೆಯವ್ರೇ ನಿಂತು ಕಿಟ್ಕಿಗೆ ಹಾಳೆ ಹಚ್ಚಿದ್ರು. ಆಮೇಲೆ ನಂಗೇ ಬೇಜಾರಾತು."

ಪುಣ್ಯವಂತೆ ನೀನು ಎಂದಳು ಆಕೆ. ನಾನು ಮುದ್ದೆ ಮುರಿಯುತ್ತ ಕುಳಿತೇ ಇದ್ದೆ. ಹೆಂಡತಿ ಸಾಯುವವರೆಗೂ ಕೇಳಿದವರಿಗೆಲ್ಲ ಅದನ್ನೇ ಹೇಳಿದಳು. ಅವಳ ತವರಿನವರು ಈಗಲೂ ನನ್ನನ್ನು ಕಂಡರೆ, ಹೆಂಡತಿಯನ್ನು ಬಿಸಿಲು ತಾಕದಂತೆ ನೋಡಿಕೊಂಡವನು ಎನ್ನುತ್ತಾರೆ. ಎದುರು ನಿಂತು ಅಲ್ಲ ಎನ್ನಲು ಈ ವಯಸ್ಸಿನಲ್ಲೂ ನನಗೆ ಬಾಯಿ ಬರುತ್ತಿಲ್ಲ. ಅದಕ್ಕೇ ಬರೆದಿದ್ದೇನೆ. ಅವರಲ್ಲಿ ಓದು ಬಂದವರು ಯಾರಾದರೂ ಇದನ್ನು ಓದಿ ಉಳಿದವರಿಗೆ ಹೇಳಲಿ.