ವಿಷಯ: ಜೈಬುನ್ನೀಸಾ ಟೀಚರ್ ಅವರ ಅರ್ಜಿಯ ಮೊದಲನೇ ಚೌಕದ ಬಗ್ಗೆ

ಮಾನ್ಯ ಓದುಗರ ಗಮನಕ್ಕೆ ತರಬಯಸುವುದೇನೆಂದರೆ, ೨೦೦೨ನೇ ಇಸವಿಯಲ್ಲಿ ಶ್ರೀಮತಿ ಜೈಬುನ್ನೀಸಾ ಟೀಚರ್ ಅವರ ಮತದಾರ ನೋಂದಣಿ ಅರ್ಜಿಯಲ್ಲಿ ‘ನೀವು ಅಮೆರಿಕದ ನಾಗರಿಕರೇ?’ ಎಂಬ ಪ್ರಶ್ನೆಯ ಎದುರು ‘ಹೌದು’ ಎಂದು ಗುರುತು ಹಾಕಿದವನು ನಾನು. ಅವರಲ್ಲ. ಅವರು ನಾಗರಿಕರಲ್ಲವೆಂದು ತಿಳಿದೇ ಹಾಕಿದೆ. ತಿಳಿದೇ — ಈ ಪದವನ್ನು ಬರೆಯಲು ನನಗೆ ಏಳು ವರ್ಷ ಹಿಡಿಯಿತು.

ನಾನು ಈ ಹಿಂದೆ ಯಾವ ಪತ್ರಿಕೆಗೂ ಬರೆದವನಲ್ಲ. ಬರೆದದ್ದೆಲ್ಲ ಕಚೇರಿಯ ಪತ್ರಗಳು. ಆದ್ದರಿಂದ ಇಲ್ಲಿಯೂ ಆ ಧಾಟಿ ನುಸುಳಿದರೆ ದಯವಿಟ್ಟು ಕ್ಷಮಿಸಬೇಕಾಗಿ — ಇಲ್ಲ, ಆ ಪದವನ್ನು ಈ ಬರಹದಲ್ಲಿ ಇಷ್ಟು ಹಗುರವಾಗಿ ಬಳಸಬಾರದು. ಸಹಿಸಿಕೊಳ್ಳಬೇಕಾಗಿ ವಿನಂತಿ.

ನನ್ನ ಹುದ್ದೆಯ ವಿವರ ಹೀಗಿದೆ. ಅಮೆರಿಕದಲ್ಲಿ ನಾನಿರುವ ರಾಜ್ಯದ ಸರ್ಕಾರಿ ಕಚೇರಿಯೊಂದರಲ್ಲಿ ನಾನು ಎರಡು ಕೆಲಸಗಳ ಮೇಲ್ವಿಚಾರಕ. ಒಂದು, ಇಲ್ಲಿ ಜನರೇ ಆರಿಸುವ ಗವರ್ನರ್ ಹುದ್ದೆಗೆ ನಿಂತವರಿಗೆ ಪ್ರಚಾರಕ್ಕಾಗಿ ಸಾರ್ವಜನಿಕ ನಿಧಿಯಿಂದ ನೆರವು ಕೊಡುವ ಮುನ್ನ ಅವರ ಕಾಗದಪತ್ರಗಳನ್ನು ಪರಿಶೀಲಿಸುವುದು. ದೊಡ್ಡ ಕುಳಗಳ ಹಂಗಿಲ್ಲದೆ ಜನ ಚುನಾವಣೆಗೆ ನಿಲ್ಲಲಿ ಎಂಬ ಆಶಯದ ನಿಧಿ ಅದು. ಒಂದೇ ಒಂದು ಸಹಿ ಬಿಟ್ಟುಹೋಗಿದೆಯೆಂದು ಅಭ್ಯರ್ಥಿಯೊಬ್ಬರ ಇಡೀ ಕಡತವನ್ನು ನಾನು ಹಿಂದಿರುಗಿಸಿದ್ದುಂಟು. ಅವರ ಕಡೆಯವರು ಫೋನಿನಲ್ಲಿ ಕೂಗಾಡಿದಾಗ, ನಿಯಮ ಎಲ್ಲರಿಗೂ ಒಂದೇ ಎಂದು ಶಾಂತವಾಗಿ ತಿಳಿಸಿದ್ದೂ ಉಂಟು. ನನ್ನ ಎರಡನೆಯ ಕೆಲಸ ಮತದಾರರ ತಿಳಿವಳಿಕೆ. ಯಾರಿಗೆ ಮತದ ಹಕ್ಕಿದೆ, ಯಾರಿಗೆ ಇಲ್ಲ ಎಂಬುದನ್ನು ಜನರಿಗೆ ಅರ್ಥವಾಗುವಂತೆ ಹೇಳುವುದು. ಅಂದರೆ, ಆ ಅರ್ಜಿ ತುಂಬಿದ ದಿನ ಆ ಹಾಲ್‌ನಲ್ಲಿ ಈ ವಿಷಯವನ್ನು ತಿಳಿದಿರಲೇಬೇಕಾದ ಒಬ್ಬನೇ ಒಬ್ಬ ವ್ಯಕ್ತಿ ನಾನು.

ಬೇರೆ ಬೇರೆ ಭಾಷೆಗಳಲ್ಲಿ ನೋಂದಣಿ ಶಿಬಿರ ನಡೆಸೋಣವೆಂದು ಸೂಚಿಸಿದವನೂ ನಾನೇ. ನಿಮ್ಮ ಜನ ಬಂದಾರೇ ಎಂದು ಮೇಲಧಿಕಾರಿಯವರು ಸಂದೇಹಪಟ್ಟಿದ್ದರು. ಬರುತ್ತಾರೆಂದು ಬರವಣಿಗೆಯಲ್ಲಿ ಕೊಟ್ಟಿದ್ದೆ. ಸೆಪ್ಟೆಂಬರಿನ ಒಂದು ಭಾನುವಾರ ಡೆಟ್ರಾಯಿಟ್ ಬಳಿಯ ಕ್ಯಾಂಟನ್‌ನಲ್ಲಿ, ಮಕ್ಕಳ ಕನ್ನಡ ತರಗತಿ ನಡೆಯುತ್ತಿದ್ದ ಶಾಲೆಯ ಕೆಫೆಟೇರಿಯಾದಲ್ಲಿ ಮೇಜು ಹಾಕಿ ಕುಳಿತೆ. ಆ ತರಗತಿಯ ಟೀಚರೇ ಜೈಬುನ್ನೀಸಾ. ಶಿರಾದ ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಪತಿ ತೀರಿಕೊಂಡ ಮೇಲೆ ಖಾಯಂ ವಾಸದ ಗ್ರೀನ್ ಕಾರ್ಡ್ ಪಡೆದು, ಇಲ್ಲಿ ಫಾರ್ಮಸಿಸ್ಟ್ ಆಗಿದ್ದ ಮಗಳು ಶಬಾನಾ ಮನೆಗೆ ಬಂದಿದ್ದರು. ಮಕ್ಕಳನ್ನು ಕರೆದೊಯ್ಯಲು ಬಂದ ತಂದೆತಾಯಂದಿರೆಲ್ಲ ಸಾಲುಗಟ್ಟಿದ್ದರು. ಬೇಗ ಮುಗಿಯಲೆಂದು ನಾನೇ ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಿ, ಅರ್ಜಿ ತುಂಬಿ, ಸಹಿಗೆ ಮಾತ್ರ ಅವರತ್ತ ತಿರುಗಿಸುತ್ತಿದ್ದೆ.

ಟೀಚರ್ ಸರದಿ ಬಂತು.

“ನಾನು ಬಂದು ಎರಡು ವರ್ಷ ಆಯ್ತು ನೋಡು ಶ್ರೀಕಂಠಪ್ಪ. ಊರಲ್ಲಿ ಎಲೆಕ್ಷನ್ ಡ್ಯೂಟಿ ಹಾಕೋರು. ಇನ್ನೊಬ್ಬರ ಬೆರಳಿಗೆ ಶಾಯಿ ಹಚ್ಚೀ ಹಚ್ಚೀ ನನ್ನ ಓಟು ಹಾಕೋಕೇ ಪುರುಸೊತ್ತು ಇರ್ತಿರಲಿಲ್ಲ.”

“ಬಾಕಿ ಇರೋದೆಲ್ಲಾ ಇಲ್ಲೇ ಹಾಕ್ಬಿಡಿ ಟೀಚರ್!” ಎಂದು ಹಿಂದಿನಿಂದ ಯಾರೋ ಕೂಗಿದರು.

ನಾನು ಕೇಳಿದೆ: “ನಾಗರಿಕರಾ ಟೀಚರ್?” ಪ್ರಶ್ನೆಯಲ್ಲಿದ್ದ ‘ಅಮೆರಿಕದ’ ಎಂಬ ಪದವನ್ನು ನುಂಗಿದ್ದೆ. ಬೆಳಗಿನಿಂದ ಹಾಗೆಯೇ ಕೇಳುತ್ತಿದ್ದೆ.

“ಹೌದಪ್ಪಾ, ಹಿರಿಯ ನಾಗರಿಕಳು! ಅರವತ್ತೆರಡು ತುಂಬ್ತು. ರೈಲಲ್ಲಿ ಕೊಡೋ ಥರ ಇಲ್ಲೂ ರಿಯಾಯಿತಿ ಇದೆಯಾ?”

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಪೆನ್ನು ನಿಂತಿತು. ಬಂದು ಎರಡೇ ವರ್ಷವಾದ ಗ್ರೀನ್ ಕಾರ್ಡಿನವರು ನಾಗರಿಕರಾಗಲು ಸಾಧ್ಯವಿಲ್ಲ, ಅದಕ್ಕೆ ಐದು ವರ್ಷ ಬೇಕು — ಇದು ನನಗೆ ನನ್ನ ಹೆಸರಿನಷ್ಟೇ ಚೆನ್ನಾಗಿ ಗೊತ್ತಿತ್ತು. ಅವರು ಹೇಳಿದ್ದು ವಯಸ್ಸಿನ ಮಾತು, ಅರ್ಜಿ ಕೇಳಿದ್ದು ಬೇರೆ. ಒಂದು ವಾಕ್ಯದಲ್ಲಿ ತಿಳಿಸಿ ಹೇಳಬಹುದಾಗಿತ್ತು. ಹಾಗೆ ಹೇಳಿದ್ದರೆ ಬೆಳಗಿನಿಂದ ತುಂಬಿದ ಅರ್ಜಿಗಳನ್ನೆಲ್ಲ ಮತ್ತೆ ನೋಡಬೇಕಾಗುತ್ತಿತ್ತು, ಅಷ್ಟು ಜನರೆದುರು ಟೀಚರನ್ನು ಸಾಲಿನಿಂದ ಆಚೆ ನಿಲ್ಲಿಸಬೇಕಾಗುತ್ತಿತ್ತು, ಮೇಲಧಿಕಾರಿಗೆ ಕೊಟ್ಟ ಮಾತು — ಇವೆಲ್ಲ ಕಾರಣಗಳಲ್ಲ. ಆ ಕ್ಷಣ ನನ್ನ ತಲೆಯಲ್ಲಿ ಹಾದುಹೋದವು, ಅಷ್ಟೇ. ಗುರುತು ಹಾಕಿದೆ.

“ಇಷ್ಟೇನಾ? ಇನ್ನೇನಾದ್ರೂ ಕಾಗದ ತೋರಿಸ್ಬೇಕಾ?” ಎಂದು ಅವರು ಕೇಳಿದರು. ಕೇಳಿದರು, ಇದನ್ನು ಓದುಗರು ದಯವಿಟ್ಟು ಗಮನಿಸಬೇಕು.

“ಏನೂ ಬೇಡ ಟೀಚರ್. ಇಲ್ಲಿ ಸೈನ್ ಮಾಡಿ.”

ನವೆಂಬರಿನಲ್ಲಿ ಅವರೇ ಕಚೇರಿಗೆ ಫೋನ್ ಮಾಡಿದರು. “ಓಟು ಹಾಕ್ಬಂದೆ ಶ್ರೀಕಂಠಪ್ಪ! ಇದೆಂಥಾ ಎಲೆಕ್ಷನ್ನೋ, ಶಾಯಿನೂ ಇಲ್ಲ, ಏಜೆಂಟರ ಜಗಳನೂ ಇಲ್ಲ!” ನಾನು ಅಭಿನಂದನೆ ಹೇಳಿದೆ. ಅಂದಾದರೂ ನಿಜ ಹೇಳಿ, ಹೆಸರನ್ನು ಪಟ್ಟಿಯಿಂದ ತೆಗೆಸಿ, ಆದದ್ದನ್ನು ಬರೆದಿಡಬಹುದಿತ್ತು. ಅಂದಾದರೂ —

ಐದು ವರ್ಷ ತುಂಬಿದ ಬಳಿಕ ಟೀಚರ್ ನಾಗರಿಕತ್ವಕ್ಕೆ ಅರ್ಜಿ ಹಾಕಿದರು. ಸಂದರ್ಶನದಲ್ಲಿ ಅಧಿಕಾರಿಯು, ಈ ದೇಶದಲ್ಲಿ ಎಂದಾದರೂ ಮತ ಹಾಕಿದ್ದೀರಾ ಎಂದು ಕೇಳಿದರಂತೆ. ಹಾಕಿದ್ದೇನೆ ಎಂದು ಟೀಚರ್ ಹೆಮ್ಮೆಯಿಂದಲೇ ಉತ್ತರಿಸಿದರಂತೆ. ಅರ್ಜಿ ತಿರಸ್ಕೃತವಾಯಿತು. ನಾಗರಿಕಳೆಂದು ಸುಳ್ಳು ಹೇಳಿದವರು ಎಂದು ಅವರ ಕಡತದಲ್ಲಿ ದಾಖಲಾಯಿತು. ಇಂತಹವರನ್ನು ದೇಶದಿಂದ ಹೊರಹಾಕಲು ಅವಕಾಶವಿದೆ. ಆ ಕ್ರಮವೂ ಶುರುವಾಯಿತು.

ಅವರ ವಕೀಲರು ನಮ್ಮ ಕಚೇರಿಗೆ ಪತ್ರ ಬರೆದು, ಆ ದಿನ ಶಿಬಿರದಲ್ಲಿ ಟೀಚರ್ ಅವರಿಗೆ ಏನು ಹೇಳಲಾಗಿತ್ತು ಎಂದು ವಿಚಾರಿಸಿದರು. ಪತ್ರ ನನ್ನ ಮೇಜಿಗೇ ಬಂತು. ಉತ್ತರವನ್ನು ಸಿದ್ಧಪಡಿಸಿದವನೂ ನಾನೇ. ಅದರ ಸಾರಾಂಶ ಇಷ್ಟು: ಅಂತಹ ಯಾವುದೇ ಸಲಹೆ ನೀಡಿದ ಬಗ್ಗೆ ಕಚೇರಿಯ ದಾಖಲೆಗಳಲ್ಲಿ ಮಾಹಿತಿ ಇರುವುದಿಲ್ಲ, ಅರ್ಹತೆಯನ್ನು ಖಚಿತಪಡಿಸಿಕೊಳ್ಳುವ ಹೊಣೆ ಅರ್ಜಿದಾರರದೇ ಆಗಿರುತ್ತದೆ. ಪ್ರತಿಯೊಂದು ಅಕ್ಷರವೂ ಸರಿ. ಪತ್ರ ಮಾತ್ರ ಸುಳ್ಳು. ಮೇಲಧಿಕಾರಿಗಳು ನನ್ನನ್ನು ನಂಬಿ ಸಹಿ ಮಾಡಿದರು.

ಟೀಚರ್ ಅವರ ಕನ್ನಡ ತರಗತಿ ನಿಂತಿತು. ಮಗಳು, ಅಳಿಯನೊಂದಿಗೆ ಅವರು ಚಿಕಾಗೋ ಕಡೆಯ ಬೋಲಿಂಗ್‌ಬ್ರೂಕ್‌ಗೆ ಹೋದರು. ಕಳೆದ ವರ್ಷ ಅಲ್ಲೇ ಸಮೀಪದ ಶಾಮ್‌ಬರ್ಗ್‌ನಲ್ಲಿ ನನ್ನ ತಮ್ಮನ ಮನೆಯ, ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್‌ನಲ್ಲಿ ಅವರ ಮಾತು ಬಂತು. “ಆ ಟೀಚರಮ್ಮ ಕಳ್ಳ ಓಟು ಹಾಕಿ ಸಿಕ್ಕಿಬಿದ್ರಂತೆ ರೀ,” ಎಂದರು ಒಬ್ಬರು. ಇನ್ನೊಬ್ಬರು, “ಅಷ್ಟು ವರ್ಷ ಬೂತಲ್ಲಿ ಕೂತೋರಿಗೆ ಕಳ್ಳ ಓಟು ಹಾಕೋದು ಹೇಳಿಕೊಡ್ಬೇಕಾ?” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಕೈಯಲ್ಲಿ ಬಿಸಿಬೇಳೆಬಾತಿನ ತಟ್ಟೆ ಹಿಡಿದು ನಾನು ನಕ್ಕದ್ದನ್ನು ನಾನೇ ಕೇಳಿಸಿಕೊಂಡೆ. ಕಚೇರಿಯ ಪತ್ರಕ್ಕಾದರೂ ಭಯದ ನೆಪವಿತ್ತು. ಈ ನಗುವಿಗೆ ಏನಿತ್ತು?

ಈ ವರ್ಷದ ಮಾರ್ಚಿನಲ್ಲಿ, ಟೀಚರ್ ಅವರಿಗೆ ಮೊದಲೇ ತಿಳಿಸಿ, ಬೋಲಿಂಗ್‌ಬ್ರೂಕ್‌ಗೆ ಡ್ರೈವ್ ಮಾಡಿಕೊಂಡು ಹೋದೆ. ಜೊತೆಯಲ್ಲಿ ನ್ಯಾಯಾಲಯಕ್ಕೆ ಕೊಡಬೇಕಾದ ಹೇಳಿಕೆಯ ಕನ್ನಡ ಕರಡಿತ್ತು. ಅವರು ಓದಿ ಒಪ್ಪಿದ ಮೇಲೆ ಇಂಗ್ಲಿಷಿನಲ್ಲಿ ಬರೆಯುವ ಉದ್ದೇಶ. ಬಾಗಿಲು ತೆರೆದ ಶಬಾನಾ, “ಅಮ್ಮಿ ಒಳಗಿದಾರೆ,” ಎಂದರು. ನಾನು ಶೂ ಬಿಚ್ಚುತ್ತಿದ್ದಾಗ, “ಏಳು ವರ್ಷ ಅಡ್ರೆಸ್ ಸಿಗಲಿಲ್ವಾ ಸರ್?” ಎಂದರು. ಶೂಗಳನ್ನು ಬಾಗಿಲ ಬಳಿ ಜೋಡಿಸಿಟ್ಟು ಒಳಗೆ ಹೋದೆ.

ಟೀಚರ್ ಕನ್ನಡಕ ಹಾಕಿಕೊಂಡು ಎರಡು ಪುಟಗಳನ್ನೂ ನಿಧಾನವಾಗಿ ಓದಿದರು.

“‘ಗುರುತು ಹಾಕಲಾಯಿತು’. ‘ಸರಿಯಾದ ಮಾಹಿತಿ ನೀಡಲಾಗಿರಲಿಲ್ಲ’. ‘ಲೋಪ ಸಂಭವಿಸಿತು’.” ಒಂದೊಂದನ್ನೂ ಬೆರಳಿಟ್ಟು ತೋರಿಸಿದರು. “ಯಾರು ಹಾಕಿದ್ದು? ಗಾಳಿ ಬೀಸಿ ಗುರುತು ಬಿತ್ತಾ?”

“ನಾನು ಟೀಚರ್.”

“ಅವನು ಈ ಕಾಗದದಲ್ಲಿ ಎಲ್ಲಿದಾನೆ? ಪೂರ್ತಿ ಕರ್ಮಣಿ ಪ್ರಯೋಗ. ಕರ್ತೃನೇ ಬಿಟ್ಟಿದೀಯಲ್ಲೋ! ಏಳನೇ ಕ್ಲಾಸಿನ ಹುಡುಗರೂ ಹೀಗೆ ಬರೆಯಲ್ಲ. ಕರ್ತರಿಯಲ್ಲಿ ಬರಿ.”

ಅವರದೇ ಊಟದ ಮೇಜಿನ ಮುಂದೆ ಕುಳಿತು ಮತ್ತೆ ಬರೆದೆ. ನಾನು ಕೇಳಿದೆ. ನಾನು ಪದ ಬಿಟ್ಟೆ. ನನಗೆ ಗೊತ್ತಿತ್ತು. ನಾನು ಹಾಕಿದೆ. ನಾನು ಮುಚ್ಚಿಟ್ಟೆ. ಇಷ್ಟು ವರ್ಷಗಳ ಸರ್ಕಾರಿ ಕೆಲಸದಲ್ಲಿ ‘ನಾನು’ ಎಂದು ಇಷ್ಟು ಸಲ ಬರೆದಿರಲಿಲ್ಲ. ಟೀಚರ್ ಓದಿ, ಎರಡು ಕಡೆ ಕಾಗುಣಿತ ತಿದ್ದಿ ಹಿಂದಿರುಗಿಸಿದರು. ಆಮೇಲೆ ಕೇಳಿದರು: “ಆವತ್ತು ನಕ್ಕೆಯಲ್ಲ, ನನ್ನ ತಮಾಷೆಗೆ ನಕ್ಕಿದ್ದಾ, ನನ್ನ ದಡ್ಡತನಕ್ಕೆ ನಕ್ಕಿದ್ದಾ?”

ಶಬಾನಾ ಚಹಾ ತಂದಿಟ್ಟರು, ನನಗೆ ಕುಡಿಯಲಾಗಲಿಲ್ಲ.

ಹೇಳಿಕೆಯನ್ನು ಇಂಗ್ಲಿಷಿನಲ್ಲಿ ಬರೆದು, ನೋಟರಿಯ ಎದುರು ಪ್ರಮಾಣ ಮಾಡಿ ಸಹಿ ಹಾಕಿದ್ದೇನೆ. ಒಂದು ಪ್ರತಿ ವಕೀಲರಿಗೆ, ಒಂದು ನನ್ನ ಮೇಲಧಿಕಾರಿಗಳಿಗೆ. ಕಚೇರಿಯಲ್ಲಿ ನನ್ನ ಮೇಲೆ ವಿಚಾರಣೆ ಆರಂಭವಾಗಿದೆ. ಹುದ್ದೆ ಉಳಿಯುವ ಭರವಸೆಯಿಲ್ಲ. ಉಳಿಸಿಕೊಡಿರೆಂದು ನಾನು ಯಾರನ್ನೂ ಕೇಳಿಲ್ಲ. ಆ ಭಾನುವಾರ ನನ್ನ ಮೇಜಿನಲ್ಲಿ ಅರ್ಜಿ ತುಂಬಿಸಿದವರಲ್ಲಿ ಯಾರಿಗಾದರೂ ಇಂತಹದೇ ಸಂದೇಹವಿದ್ದರೆ, ತಡಮಾಡದೆ ನನಗೆ ತಿಳಿಸಬೇಕು. ಅವರಿಗೂ ಇಂಥದೇ ಹೇಳಿಕೆ ಬರೆದುಕೊಡಲು ನಾನು ಬದ್ಧ.

ಈ ಬರಹವನ್ನು ನಮ್ಮವರ ಪತ್ರಿಕೆಗೇ ಕಳಿಸುತ್ತಿರುವ ಉದ್ದೇಶ ಒಂದೇ. ಟೀಚರ್ ಕಳ್ಳ ಓಟು ಹಾಕಲಿಲ್ಲ. ಹಾಕಿದರೆಂದು ಹೇಳಿದವರು, ಕೇಳಿದವರು, ನನ್ನೊಂದಿಗೆ ನಕ್ಕವರು ಇದನ್ನು ಓದಬೇಕು. ಟೀಚರ್ ನನ್ನನ್ನು ಕ್ಷಮಿಸಿದ್ದಾರೆಂದು ಯಾರೂ ಭಾವಿಸಬಾರದು. ನಾನು ಕೇಳಿಲ್ಲ, ಅವರು ಹೇಳಿಲ್ಲ.

ಮುಂದಿನ ತಿಂಗಳು ಚಿಕಾಗೋದಲ್ಲಿ ನ್ಯಾಯಾಧೀಶರ ಮುಂದೆ ಅವರ ವಿಚಾರಣೆಯಿದೆ. ನಾನು ಸಾಕ್ಷಿ. ಇಂತಹ ವಿಚಾರಣೆಗಳು ಹಲವು ಬಾರಿ ಮುಂದಕ್ಕೆ ಹೋಗುತ್ತವೆಯೆಂದು ವಕೀಲರು ತಿಳಿಸಿದ್ದಾರೆ. ಎಷ್ಟು ಬಾರಿ ಮುಂದಕ್ಕೆ ಹೋದರೂ, ಅಷ್ಟು ಬಾರಿಯೂ ಬರುತ್ತೇನೆ.